ಲ್ಯಾಪ್‌ಟಾಪ್ ಮೈಕಿನಲ್ಲಿ ರೆಕಾರ್ಡ್ ಮಾಡಿದರೆ ಶ್ರುತಿ ಮಾಯವಾಗುತ್ತದೆ, ಏನು ಮಾಡುವುದು?

ಬಡಗುಪೇಟೆ:
ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ಭಾಗವತಿಕೆ, ಅಂದರೆ ಯಕ್ಷಗಾನದ ಹಾಡುಗಾರಿಕೆ ಕಲಿಯುತ್ತಿದ್ದೇನೆ, ಬಡಗುತಿಟ್ಟು ಶೈಲಿ. ಈ ಮಳೆಯಲ್ಲಿ ಗುರುಗಳ ಮನೆಗೆ ಹೋಗಿ ಬರುವುದು ಕಷ್ಟ. ಮನೆಯಲ್ಲೇ ಪದ್ಯ ಹೇಳಿ ರೆಕಾರ್ಡ್ ಮಾಡಿ ಕಳಿಸು ಎಂದಿದ್ದಾರೆ. ವಿಂಡೋಸ್ 11 ಲ್ಯಾಪ್‌ಟಾಪಿನ ಒಳಗಿನ ಮೈಕ್, ರೆಕಾರ್ಡ್ ಮಾಡುವ ಆಡಾಸಿಟಿ ಸಾಫ್ಟ್‌ವೇರ್, ಪಕ್ಕದಲ್ಲಿ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ, ನನ್ನ ಹತ್ತಿರ ಇರುವುದು ಇಷ್ಟೇ.

ರೆಕಾರ್ಡಿಂಗ್ ಕೇಳಿದರೆ ಶುರುವಿನಲ್ಲಿ ಶ್ರುತಿ ಸರಿಯಾಗಿಯೇ ಇರುತ್ತದೆ, ಸ್ವಲ್ಪ ಹೊತ್ತಿಗೆ ಕರಗಿ ಹೋಗುತ್ತದೆ. ಒಂದು ಸ್ವರ ಹಿಡಿದು ಎಳೆದರೆ ಅದರ ಕೊನೆಯೂ ತೆಳ್ಳಗಾಗುತ್ತದೆ. ತಾಳ ಹಾಕಿದ ಕೂಡಲೇ ನನ್ನ ಸ್ವರ ಹಿಂದೆ ಸರಿದು ಮತ್ತೆ ನಿಧಾನಕ್ಕೆ ಮೇಲೆ ಬರುತ್ತದೆ. ಶ್ರುತಿಯೇ ಕೇಳದಿದ್ದರೆ ನಾನು ಎಲ್ಲಿ ಜಾರಿದೆ ಎಂದು ಗುರುಗಳಿಗೆ ಗೊತ್ತಾಗುವುದು ಹೇಗೆ? ಮೈಕ್ ಹಾಳಾಗಿದೆಯಾ?

ಕಾಪು ಕಡಲು:
ಮೈಕ್ ವಾಲ್ಯೂಮ್ 100ಕ್ಕೆ ಇಟ್ಟು ನೋಡಿ. ಆಗದಿದ್ದರೆ ಒಂದು ಯುಎಸ್‌ಬಿ ಮೈಕ್ ತಗೊಳ್ಳಿ. ಒಳಗಿನ ಮೈಕ್ ಮಾತಾಡಲಿಕ್ಕೆ ಮಾತ್ರ.

ಬಿಜೈ:
ಮಾರಾಯ್ರೇ, ವಾಲ್ಯೂಮ್ ಜಾಸ್ತಿ ಮಾಡಬೇಡಿ, ದುಡ್ಡೂ ಖರ್ಚು ಮಾಡಬೇಡಿ. ಮೈಕ್ ಸರಿ ಇದೆ. ಹಾಳಾಗಿದ್ದರೆ ಮೊದಲಿನಿಂದ ಕೊನೆವರೆಗೂ ಒಂದೇ ತರ ಕೆಟ್ಟದಾಗಿ ಕೇಳಬೇಕಿತ್ತು. ನಿಮ್ಮದು ಶುರುವಿನಲ್ಲಿ ಚೆನ್ನಾಗಿದ್ದು ಆಮೇಲೆ ಕರಗುತ್ತದೆ ಅಲ್ವಾ, ಅಲ್ಲೇ ಉತ್ತರ ಇದೆ.

ಲ್ಯಾಪ್‌ಟಾಪ್ ಮೈಕಿನ ಹಿಂದೆ ಗದ್ದಲ ತೆಗೆಯುವ ಒಂದು ಸಾಫ್ಟ್‌ವೇರ್ ಕೂತಿರುತ್ತದೆ. ಅದನ್ನು ಮಾಡಿದ್ದು ಮೀಟಿಂಗಿನ ಮಾತಿಗಾಗಿ. ಮಾತು ಏರುತ್ತದೆ, ಇಳಿಯುತ್ತದೆ, ಮಧ್ಯೆ ನಿಲ್ಲುತ್ತದೆ. ಫ್ಯಾನು, ಎಸಿ ಮಾತ್ರ ಒಂದೇ ಸಮನೆ ಇರುತ್ತವೆ. ಹಾಗಾಗಿ ಬದಲಾಗದೆ ಉಳಿಯುವ ಸದ್ದೆಲ್ಲ ಗದ್ದಲ ಎಂದು ಅದರ ಲೆಕ್ಕ. ಶ್ರುತಿ ಅಂದರೆ ಬದಲಾಗದ ಸದ್ದೇ! ಸಾಫ್ಟ್‌ವೇರ್ ಅದನ್ನು ಸ್ವಲ್ಪ ಹೊತ್ತು ಕೇಳಿ, ಇದು ಫ್ಯಾನು ಎಂದು ತೀರ್ಮಾನಿಸಿ ಅಳಿಸುತ್ತದೆ. ನೀವು ಎಳೆದು ಹಿಡಿದ ಸ್ವರಕ್ಕೂ ಅದೇ ಗತಿ. ತಾಳ ಹಾಕಿದಾಗ ಸ್ವರ ಹಿಂದೆ ಹೋಗುವುದು ಇನ್ನೊಂದು ಕಾಟ, ಅದು ಆಟೋಮ್ಯಾಟಿಕ್ ಗೇನ್: ದೊಡ್ಡ ಸದ್ದು ಬಂದ ಕೂಡಲೇ ಎಲ್ಲವನ್ನೂ ತಗ್ಗಿಸಿ ಆಮೇಲೆ ನಿಧಾನಕ್ಕೆ ಏರಿಸುತ್ತದೆ.

ಮೊದಲು ಖಾತ್ರಿ ಮಾಡಿಕೊಳ್ಳಿ. ನೀವು ಏನೂ ಹಾಡದೆ ಬರೀ ಶ್ರುತಿಯನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿ. ಆಡಾಸಿಟಿಯಲ್ಲಿ ಅಲೆಯ ಚಿತ್ರ ಶುರುವಿನಲ್ಲಿ ದಪ್ಪಗಿದ್ದು ಆಮೇಲೆ ಸಪೂರ ಆದರೆ ಇದೇ ಕಾರಣ. ಆಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್ ಒಳಗೆ ಹೋಗಿ ಇನ್‌ಪುಟ್ ಕೆಳಗಿರುವ ಮೈಕನ್ನು ಒತ್ತಿ. ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಎಂದಿರುತ್ತದೆ, ಅದನ್ನು ಆಫ್ ಮಾಡಿ. ಆಡಾಸಿಟಿ ಮುಚ್ಚಿ ಮತ್ತೆ ತೆರೆದು ನೋಡಿ.

ಇನ್ನೊಂದು ಮಾತು. ರೆಕಾರ್ಡ್ ಆದ ಮೇಲೆ ಆಡಾಸಿಟಿಯ ನಾಯ್ಸ್ ರಿಡಕ್ಷನ್ ಹಾಕಬೇಡಿ, ಅದೂ ಶ್ರುತಿಯನ್ನೇ ತಿನ್ನುತ್ತದೆ. ಒಮ್ಮೆ ಅಳಿಸಿ ಹೋದದ್ದನ್ನು ಯಾವ ಎಫೆಕ್ಟ್ ಹಾಕಿದರೂ ವಾಪಸ್ ತರಲು ಆಗುವುದಿಲ್ಲ.

ಬಡಗುಪೇಟೆ:
ನೀವು ಹೇಳಿದ ಹಾಗೇ, ಅಲೆ ಸಪೂರ ಆಗುತ್ತಾ ಹೋಗಿದೆ! ಆಫ್ ಮಾಡಿದೆ. ತಾಳದ ಕಾಟ ನಿಂತಿತು, ಶ್ರುತಿ ಮಾತ್ರ ಈಗಲೂ ಕರಗುತ್ತದೆ.

ಬಿಜೈ:
ಹಾಗಾದರೆ ಲ್ಯಾಪ್‌ಟಾಪ್ ಕಂಪನಿಯವರದ್ದೇ ಒಂದು ಆಪ್ ಇರುತ್ತದೆ, ಸ್ಟಾರ್ಟ್ ಮೆನುವಿನಲ್ಲಿ ಹುಡುಕಿ. ಅದರಲ್ಲಿ ಆಡಿಯೋ ಅಥವಾ ಮೈಕ್ರೊಫೋನ್ ಪುಟದಲ್ಲಿ ಎಐ ನಾಯ್ಸ್ ಕ್ಯಾನ್ಸಲೇಶನ್ ತರದ ಏನಾದರೂ ಇದ್ದರೆ ಅದನ್ನೂ ಆಫ್ ಮಾಡಬೇಕು. ವಿಂಡೋಸಿನ ಸೆಟ್ಟಿಂಗ್ ಬೇರೆ, ಇದು ಬೇರೆ.

ಬಡಗುಪೇಟೆ:
ಸಿಕ್ಕಿತು!! ಅದೇ ಆಗಿತ್ತು. ಝಂಪೆ ತಾಳದ ಒಂದು ಪದ್ಯ ಪೂರ್ತಿ ಹೇಳಿದೆ, ಕೊನೆವರೆಗೂ ಶ್ರುತಿ ಇದೆ. ತುಂಬಾ ಉಪಕಾರವಾಯಿತು. ಆದರೆ ಈಗ ಲ್ಯಾಪ್‌ಟಾಪಿನ ಫ್ಯಾನು, ಮಾಡಿನ ಮೇಲಿನ ಮಳೆ ಎಲ್ಲ ಕೇಳುತ್ತದೆ, ತಾಳ ಬಿದ್ದಾಗ ಸದ್ದು ಒಡೆಯುತ್ತದೆ.

ಬಿಜೈ:
ಒಡೆಯುವುದು ಲೆವೆಲ್ ಜಾಸ್ತಿ ಆಗಿ. ನೀವು ಹಾಡುವಷ್ಟೇ ಗಟ್ಟಿಯಾಗಿ ಹಾಡಿ, ತಾಳವನ್ನೂ ಹಾಕಿ, ಆಡಾಸಿಟಿಯ ಮೀಟರಿನಲ್ಲಿ ಅತಿ ಎತ್ತರದ ಸದ್ದು ಮೈನಸ್ 6 ಡೆಸಿಬಲ್ ದಾಟದ ಹಾಗೆ ಮೈಕ್ ವಾಲ್ಯೂಮ್ ಇಳಿಸಿ. ಕೇಳಲು ಸಣ್ಣ ಅನಿಸಿದರೆ ಆಮೇಲೆ ಏರಿಸಬಹುದು, ಒಡೆದದ್ದನ್ನು ಸರಿ ಮಾಡುವುದು ಕಷ್ಟ. ಮೈಕಿನ ತೂತು ಸಾಮಾನ್ಯವಾಗಿ ಕ್ಯಾಮೆರಾದ ಪಕ್ಕ ಇರುತ್ತದೆ. ಬಾಯಿ ಅದಕ್ಕೆ ಒಂದೂವರೆ ಎರಡು ಅಡಿಯಲ್ಲಿರಲಿ, ತಾಳ ಹಿಡಿದ ಕೈ ಮಡಿಲ ಹತ್ತಿರ ಕೆಳಗಿರಲಿ. ಶ್ರುತಿ ಪೆಟ್ಟಿಗೆಯನ್ನು ಲ್ಯಾಪ್‌ಟಾಪ್ ಇಟ್ಟ ಮೇಜಿನ ಮೇಲೆ ಇಡಬೇಡಿ, ಮೇಜು ನಡುಗಿ ಅದೂ ರೆಕಾರ್ಡ್ ಆಗುತ್ತದೆ.

ಫ್ಯಾನಿಗೆ: ಬ್ರೌಸರ್ ಎಲ್ಲ ಮುಚ್ಚಿ, ಹಾಸಿಗೆ ಮೇಲಿಡದೆ ಗಟ್ಟಿ ಹಲಗೆ ಮೇಲಿಡಿ. ಮಳೆಗೆ ಏನೂ ಮಾಡಲು ಆಗುವುದಿಲ್ಲ, ಹೊಳವಾದಾಗ ಹಾಡಿ.

ಕಾಪು ಕಡಲು:
ನನಗೂ ಹೊಸ ವಿಷಯ ಇದು. ಗುರುಗಳಿಗೆ ವಾಟ್ಸಾಪಿನಲ್ಲಿ ಕಳಿಸುವುದಾದರೆ ಯಾವ ಫೈಲ್ ಒಳ್ಳೆಯದು?

ಬಿಜೈ:
ಮೊನೋದಲ್ಲಿ, ಅಂದರೆ ಒಂದೇ ಚಾನೆಲ್ಲಿನಲ್ಲಿ ರೆಕಾರ್ಡ್ ಮಾಡಿದರೆ ಸಾಕು. ಡಬ್ಲ್ಯುಎವಿ ಆದರೆ ನಿಮಿಷಕ್ಕೆ ಸುಮಾರು 5 ಎಂಬಿ, ಅದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಕಳಿಸಲು 128 ಕೆಬಿಪಿಎಸ್ ಎಂಪಿ3 ಮಾಡಿ, ನಿಮಿಷಕ್ಕೆ ಹತ್ತಿರ ಹತ್ತಿರ 1 ಎಂಬಿ. ಡಾಕ್ಯುಮೆಂಟ್ ಆಗಿ ಕಳಿಸಿ. ಸ್ಪೀಕರಿನಲ್ಲಿ ಹಾಕಿ ಫೋನಿನ ವಾಯ್ಸ್ ಮೆಸೇಜಿನಲ್ಲಿ ಹಿಡಿದು ಕಳಿಸಬೇಡಿ, ಫೋನೂ ಮಾತಿಗೆ ಬೇಕಾದ್ದನ್ನೇ ಉಳಿಸಿಕೊಳ್ಳಲು ನೋಡುತ್ತದೆ. ಝೂಮಿನಲ್ಲಿ ಪಾಠ ಇದ್ದರೆ ಅಲ್ಲೂ ಒರಿಜಿನಲ್ ಸೌಂಡ್ ಫಾರ್ ಮ್ಯುಸಿಶಿಯನ್ಸ್ ಎಂಬುದನ್ನು ಆನ್ ಮಾಡಿಕೊಳ್ಳಿ, ಇಲ್ಲದಿದ್ದರೆ ಗುರುಗಳ ಕಡೆ ಶ್ರುತಿ ಮತ್ತೆ ಇದೇ ರೀತಿ ಮಾಯವಾಗುತ್ತದೆ.