ಬಾಸ್ ಆಂಪ್: ಬಿಸಿಯಾದ ಮೇಲೆ ಸೌಂಡ್ ಹರಿದಂಗೆ ಬರುತ್ತೆ, ಆಮೇಲೆ ನಿಂತೇ ಹೋಗುತ್ತೆ

ದಪ್ಪತಂತಿ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ರ 100 ವ್ಯಾಟ್‌ನ ಹಳೇ ಟ್ರಾನ್ಸಿಸ್ಟರ್ ಬಾಸ್ ಗಿಟಾರ್ ಕಾಂಬೋ (ಆಂಪೂ ಸ್ಪೀಕರೂ ಒಂದೇ ಡಬ್ಬದಲ್ಲಿರೋದು) ಇದೆ, 15 ಇಂಚಿನ ಸ್ಪೀಕರ್. ಆನ್ ಮಾಡಿದ ಮೇಲೆ ಅರ್ಧ ಗಂಟೆ ಚೆನ್ನಾಗೇ ನುಡಿಯುತ್ತೆ. ಆಮೇಲೆ ಪ್ರತಿ ಸ್ವರದ ಬಾಲದಲ್ಲೂ ಪರ್ರ್ ಅಂತ ಹರಿದ ಸದ್ದು, ನಿಧಾನಕ್ಕೆ ವಾಲ್ಯೂಮ್ ಇಳಿದು ಪೂರ್ತಿ ಮೌನ. ಎಲ್ಲಕ್ಕಿಂತ ದಪ್ಪದ ಇ (E) ತಂತೀನ ಜೋರಾಗಿ ಬಾರಿಸಿದ್ರೆ ಒಮ್ಮೊಮ್ಮೆ ಧಡ್ ಅಂತ ವಾಪಸ್ ಬರುತ್ತೆ. ಗಿಟಾರು, ಕೇಬಲ್ಲು ಬದಲಾಯಿಸಿ ನೋಡಿದೆ, ಅದೇ ಕಥೆ. ಸ್ಪೀಕರ್ ಹರಿದಿದೆ ಅಂತಾರೆ ಒಬ್ಬರು, ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಿದೆ ಅಂತಾರೆ ಇನ್ನೊಬ್ಬರು. ಮಲ್ಟಿಮೀಟರ್ ಇದೆ, ಸೋಲ್ಡರ್ ಮಾಡೋಕೆ ಬರುತ್ತೆ, ಆಸಿಲೋಸ್ಕೋಪ್ ಇಲ್ಲ. ಎಲ್ಲಿಂದ ಶುರು ಮಾಡ್ಲಿ?

ಮಂದ್ರ:
ಹಳೇದು ಅಂದ್ಮೇಲೆ ಯೋಚನೆ ಯಾಕೆ ಗುರು, ಕೆಪಾಸಿಟರ್ ಪೂರಾ ಒಂದೇ ಸಲ ಕಿತ್ತು ಹೊಸದು ಹಾಕಿಬಿಡಿ. ಅರ್ಧ ಕಾಯಿಲೆ ಅಲ್ಲೇ ವಾಸಿ.

ಬೆಸುಗೆಕೈ:
ಮಂದ್ರ ಅವ್ರೇ, ಬೇಡ. ದೊಡ್ಡ ಫಿಲ್ಟರ್ ಕೆಪಾಸಿಟರ್ ಹೋಗಿದ್ರೆ ಆನ್ ಮಾಡಿದ ಕೂಡಲೇ ಹಮ್ ಕೇಳಿಸ್ತಿತ್ತು, 50 ಹರ್ಟ್ಸ್ ಕರೆಂಟಿನಲ್ಲಿ ಅದು 100 ಹರ್ಟ್ಸ್ ಗುಂಯ್‌ಗುಡೋ ಸದ್ದು. ಇವ್ರು ಹಮ್ ಅಂತ ಎಲ್ಲೂ ಹೇಳಿಲ್ಲ. ಔಟ್‌ಪುಟ್ ಟ್ರಾನ್ಸಿಸ್ಟರೂ ಅನುಮಾನವೇ: ಅವು ಸತ್ತರೆ ಸಾಮಾನ್ಯವಾಗಿ ಶಾರ್ಟ್ ಆಗಿ ಫ್ಯೂಸ್ ಹಾರಿಸ್ತವೆ, ತಂತಿ ಜೋರಾಗಿ ಬಾರಿಸಿದ್ರೆ ಎದ್ದು ಕೂರಲ್ಲ. ಬಿಸಿಗೆ ಹೋಗಿ ಅದುರಿದ್ರೆ ಬರುತ್ತೆ ಅಂದ್ರೆ ನನ್ನ ಅನುಮಾನ ಬಿಟ್ಟುಕೊಂಡ ಬೆಸುಗೆ ಅಥವಾ ಮಸುಕು ಹಿಡಿದ ಜ್ಯಾಕ್ ಮೇಲೆ.

ದಪ್ಪತಂತಿ, ಹಿಂದುಗಡೆ ಸೆಂಡ್, ರಿಟರ್ನ್ ಅಂತ ಎರಡು ಜ್ಯಾಕ್ ಇದೆಯಾ? ಇದ್ರೆ ಸ್ಕ್ರೂ ಬಿಚ್ಚೋ ಮೊದಲೇ ಆಂಪನ್ನ ಅಲ್ಲೇ ಎರಡು ಭಾಗ ಮಾಡ್ಬಹುದು: ಗಿಟಾರಿನ ಸಣ್ಣ ಸಿಗ್ನಲನ್ನ ಸಜ್ಜು ಮಾಡೋ ಪ್ರೀಆಂಪ್ ಸೆಂಡ್‌ನಲ್ಲಿ ಮುಗಿಯುತ್ತೆ, ಸ್ಪೀಕರನ್ನ ಓಡಿಸೋ ಪವರ್ ಆಂಪ್ ರಿಟರ್ನ್‌ನಿಂದ ಶುರು. ಸೌಂಡ್ ಹೋದಾಗ ಸೆಂಡ್‌ನಿಂದ ರಿಟರ್ನ್‌ಗೆ ಒಂದು ಗಿಡ್ಡ ಕೇಬಲ್ ಹಾಕಿ. ಸರಿ ಹೋಯ್ತಾ? ರಿಟರ್ನ್ ಜ್ಯಾಕ್ ಒಳಗಿನ ಸ್ವಿಚ್ ಪಟ್ಟಿ ಕಪ್ಪಗಾಗಿದೆ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪ್ಲಗ್ಗನ್ನ ಹತ್ತಾರು ಸಲ ಒಳಗೆ ಹೊರಗೆ ಆಡಿಸಿ. ಸರಿ ಹೋಗಲಿಲ್ಲ ಅಂದ್ರೆ ಫೋನಿನ ಹಾಡನ್ನ ವಾಲ್ಯೂಮ್ ತೀರಾ ಕಮ್ಮಿ ಇಟ್ಟು ರಿಟರ್ನ್‌ಗೆ ಕೊಡಿ. ಹಾಡು ಶುದ್ಧವಾಗಿ ಬಂದ್ರೆ ಪವರ್ ಆಂಪೂ ಸ್ಪೀಕರೂ ಎರಡೂ ನಿರಪರಾಧಿಗಳು.

ಸ್ಪೀಕರ್ ಬಗ್ಗೆ ಇನ್ನೂ ಅನುಮಾನ ಇದ್ರೆ ವೈರ್ ಬಿಚ್ಚಿ ಮೀಟರ್ ಹಿಡೀರಿ. 8 ಓಮ್ ಸ್ಪೀಕರ್ 6ರ ಆಸುಪಾಸು ತೋರಿಸುತ್ತೆ, ಅದು ಸರಿಯೇ.

ದಪ್ಪತಂತಿ:
ಕೇಬಲ್ ಹಾಕಿದ್ರೆ ಏನೂ ವ್ಯತ್ಯಾಸ ಇಲ್ಲ ಸಾರ್. ಆದ್ರೆ ಫೋನ್ ಹಾಡು, ಅದೂ ಬಾಸ್ ಸೌಂಡ್ ಸತ್ತಿರೋ ಹೊತ್ತಲ್ಲೇ, ಒಂಚೂರೂ ಒಡೀದೆ ಬಂತು!

ಬೆಸುಗೆಕೈ:
ಹಾಗಾದ್ರೆ ಕಳ್ಳ ಪ್ರೀಆಂಪಲ್ಲಿ. ಈಗ ಬಿಚ್ಚಿ, ಆದ್ರೆ ಹುಷಾರು. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತೆ. ಪ್ಲಸ್ 40, ಮೈನಸ್ 40 ಸಪ್ಲೈ ಇದ್ರೆ ಎರಡರ ನಡುವೆ 80 ವೋಲ್ಟ್. ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸೋ ಶೂರರನ್ನ ನೋಡಿದ್ದೀನಿ, ಅದು ಬೇಡ. 1 ಕಿಲೋಓಮ್, 5 ವ್ಯಾಟ್ ರೆಸಿಸ್ಟರನ್ನ ಒಂದೊಂದಕ್ಕೂ ಸ್ವಲ್ಪ ಹೊತ್ತು ಹಿಡಿದು, ಮೀಟರಲ್ಲಿ ಸೊನ್ನೆ ನೋಡಿದ ಮೇಲೆ ಕೈ ಹಾಕಿ. ಪವರ್ ಸ್ವಿಚ್ ಆಫ್ ಇದ್ರೂ ಪ್ಲಗ್ ಹಾಕಿದ್ರೆ ಫ್ಯೂಸ್ ಹತ್ರ ಮೇನ್ಸ್ ಜೀವಂತ, ಅದನ್ನ ಮರೀಬೇಡಿ.

ಬೋರ್ಡ್ ಮೇಲೆ ಎಂಟು ಕಾಲಿನ ಐಸಿಗಳಿರುತ್ತೆ, ಬಹುಶಃ ಟಿಎಲ್072 ಅಥವಾ 4558. ಎರಡಕ್ಕೂ 8ನೇ ಕಾಲಲ್ಲಿ ಪ್ಲಸ್, 4ನೇ ಕಾಲಲ್ಲಿ ಮೈನಸ್ ಸಪ್ಲೈ, ಹೆಚ್ಚುಕಮ್ಮಿ 15 ವೋಲ್ಟ್. ಮೀಟರಿನ ಕಪ್ಪು ವೈರನ್ನ ಕ್ರೊಕೊಡೈಲ್ ಕ್ಲಿಪ್ಪಲ್ಲಿ ಗ್ರೌಂಡಿಗೆ ಕಚ್ಚಿಸಿ ಬಿಟ್ಟು, ಆಂಪ್ ಆನ್ ಮಾಡಿ ಒಂದೇ ಕೈಯಲ್ಲಿ ಅಳೀರಿ. ಪ್ರೋಬ್ ಜಾರಿ 7, 8ನೇ ಕಾಲು ಕೂಡಿಸಿದ್ರೆ ಹೊಸ ಕಾಯಿಲೆ ತಂದ್ಕೊಂಡಂಗೆ. ತಣ್ಣಗಿದ್ದಾಗ ಒಮ್ಮೆ, ಸೌಂಡ್ ಸತ್ತಾಗ ಒಮ್ಮೆ ಬರೆದಿಟ್ಕೊಳ್ಳಿ.

ದಪ್ಪತಂತಿ:
ತಣ್ಣಗಿದ್ದಾಗ 15.1 ಮತ್ತು ಮೈನಸ್ 14.9. ಸೌಂಡ್ ಹೋದಾಗ ಪ್ಲಸ್ ಹಾಗೇ ಇದೆ, ಮೈನಸ್ ಮಾತ್ರ 4 ರಿಂದ 9ರ ಮಧ್ಯೆ ಕುಣೀತಾ ಇದೆ. ಐಸಿ ಹೋಗಿದೆಯಾ?

ಬೆಸುಗೆಕೈ:
ಐಸಿ ಮುಟ್ಟಬೇಡಿ. ಆ 15 ವೋಲ್ಟ್ ಬರೋದು ಎಲ್ಲಿಂದ ನೋಡಿ: ಇಂಥ ಎಷ್ಟೋ ಆಂಪ್‌ಗಳಲ್ಲಿ ದೊಡ್ಡ ಸಪ್ಲೈನಿಂದ ಒಂದು ದಪ್ಪ ರೆಸಿಸ್ಟರ್, ಅದರ ತುದೀಲಿ ವೋಲ್ಟೇಜನ್ನ 15ಕ್ಕೆ ಕಟ್ಟಿಹಾಕೋ ಝೀನರ್ ಡಯೋಡ್. 25 ವೋಲ್ಟನ್ನ ಆ ರೆಸಿಸ್ಟರ್ ಒಂದೇ ನುಂಗಿಕೊಂಡು ಸದಾ ಕಾದಿರುತ್ತೆ, ಜೊತೆಗೆ ಪಕ್ಕದಲ್ಲೇ ಸ್ಪೀಕರಿನ ಅದುರು. ಕಾಲಿನ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಂಥ ಉಂಗುರದ ಬಿರುಕು ಬೀಳೋದು ಅಲ್ಲೇ. ಬೋರ್ಡ್ ಕಂದು ತಿರುಗಿರೋ ಜಾಗ ಹುಡುಕಿ. ಸೌಂಡ್ ಸತ್ತಿರುವಾಗ ಒಣ ಮರದ ಕಡ್ಡಿಯಿಂದ ಆ ರೆಸಿಸ್ಟರನ್ನ ಮೆಲ್ಲಗೆ ಒತ್ತಿ, ಕಣ್ಣು ಮೀಟರ್ ಮೇಲಿರಲಿ.

ದಪ್ಪತಂತಿ:
ಒತ್ತಿದ್ರೆ ಮೈನಸ್ 15, ಬಿಟ್ರೆ ಮತ್ತೆ ಕುಣಿತ!! ಟಾರ್ಚ್ ಓರೆಯಾಗಿ ಹಿಡಿದಾಗ ಉಂಗುರವೂ ಕಾಣ್ತು. ಬರೀ ಐರನ್ ಇಟ್ಟು ಕರಗಿಸಿದ್ರೆ ಸಾಕಾ?

ಬೆಸುಗೆಕೈ:
ಸಾಲದು, ಸುಟ್ಟ ಬೆಸುಗೆ ಮೇಲೆ ಹೊಸದು ಸರಿಯಾಗಿ ಕೂರಲ್ಲ. ಹಳೇದನ್ನೆಲ್ಲ ಪಂಪಲ್ಲಿ ಎಳೆದು, ಕಾಲನ್ನ ಬ್ಲೇಡಲ್ಲಿ ಹೊಳೆಯೋ ತನಕ ಕೆರೆದು, ಫ್ಲಕ್ಸ್ ಹಚ್ಚಿ ಹೊಸ ಬೆಸುಗೆ ಹಾಕಿ. ಪ್ಯಾಡ್ (ಕಾಲಿನ ಸುತ್ತಿನ ತಾಮ್ರದ ಬಿಲ್ಲೆ) ಎದ್ದಿದ್ರೆ ಕಾಲನ್ನ ಟ್ರ್ಯಾಕ್ ಮೇಲೇ ಮಲಗಿಸಿ ಬೆಸೆಯಿರಿ. ರೆಸಿಸ್ಟರನ್ನ ಬೋರ್ಡಿಂದ ಐದಾರು ಮಿಲಿಮೀಟರ್ ಮೇಲೆ ನಿಲ್ಲಿಸಿ, ಗಾಳಿ ಆಡಲಿ. ಝೀನರ್ ಕಾಲುಗಳನ್ನೂ ಬಿಡಬೇಡಿ. ಪಕ್ಕದಲ್ಲಿರೋ ಪುಟ್ಟ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಇಷ್ಟು ಕಾಲ ಬಿಸಿಯಲ್ಲಿ ಬೆಂದಿದೆ. 105 ಡಿಗ್ರಿಯದು, ಅಷ್ಟೇ ಮೈಕ್ರೋಫ್ಯಾರಡ್, ಕಮ್ಮಿ ಅಲ್ಲದ ವೋಲ್ಟೇಜಿಂದು ಹಾಕಿ. ಮಂದ್ರ ಅವರ ಆಸೆ ಅಷ್ಟರ ಮಟ್ಟಿಗೆ ಈಡೇರಲಿ.

ಮಂದ್ರ:
ಆಯ್ತು ಸ್ವಾಮಿ, ಒಂದಾದ್ರೂ ಸಿಕ್ತಲ್ಲ 😄 ಮೊದಲ ಸಲ ಆನ್ ಮಾಡುವಾಗ ಮೇನ್ಸ್ ವೈರಿಗೆ ಸೀರೀಸಲ್ಲಿ ಒಂದು 60 ವ್ಯಾಟ್ ಬಲ್ಬ್ ಹಾಕಿ. ಎಲ್‌ಇಡಿ ಅಲ್ಲ, ಹಳೇ ತಂತಿ ಬಲ್ಬ್. ಮಿಂಚಿ ಮಂಕಾದ್ರೆ ಸರಿ, ಝಗ್ಗಂತ ಉರೀತಾನೇ ಇದ್ರೆ ಎಲ್ಲೋ ಶಾರ್ಟ್, ತಕ್ಷಣ ಆಫ್ ಮಾಡಿ.

ದಪ್ಪತಂತಿ:
ಮುಗೀತು. ಬಲ್ಬ್ ಮಿಂಚಿ ಮಂಕಾಯ್ತು. ಸಂಜೆಯೆಲ್ಲ ನುಡಿಸಿದೆ, ಮೈನಸ್ 14.9ರಲ್ಲಿ ಕದಲದೆ ನಿಂತಿದೆ, ಪರ್ರ್ ಸದ್ದಿಲ್ಲ. ಸ್ಪೀಕರ್ ಜೋಡಿಸೋ ಮೊದಲು ಔಟ್‌ಪುಟ್‌ನಲ್ಲಿ ಡಿಸಿ ಅಳೆದೆ, 12 ಮಿಲಿವೋಲ್ಟ್. ಪರವಾಗಿಲ್ವಾ?

ಬೆಸುಗೆಕೈ:
50ರ ಒಳಗಿದ್ರೆ ತಲೆ ಕೆಡಿಸ್ಕೋಬೇಡಿ. ಮುಚ್ಚಳ ಹಾಕೋ ಮೊದಲು ಪ್ಲಸ್ ಕಡೆ ರೆಸಿಸ್ಟರಿಗೂ ಇದೇ ಉಪಚಾರ ಮಾಡಿ. ಅದೂ ಅಷ್ಟೇ ಕಾದಿದೆ, ಅಷ್ಟೇ ಅದುರಿದೆ.