ಮಗು ತಿರುಗಿಲ್ಲ, ಸಿಸೇರಿಯನ್‌ಗೆ ದಿನ ಕೊಟ್ಟಿದ್ದಾರೆ: ಅನುಭವ ಇರೋರು ಹೇಳಿ

ಚೊಚ್ಚಲು_ತುಮಕೂರು:

ಎಲ್ಲರಿಗೂ ನಮಸ್ಕಾರ. ನನಗೀಗ 37 ವಾರ, ಚೊಚ್ಚಲು. ಮಗುವಿನ ತಲೆ ಇನ್ನೂ ಮೇಲೇ ಇದೆ. 39 ವಾರ ತುಂಬಿದ ಮೇಲೆ ಬರೋ ಸೋಮವಾರ ಆಪರೇಷನ್ ಅಂತ ಡಾಕ್ಟರು ಹೇಳಿದ್ದಾರೆ. ಅತ್ತೆ ಜೋಯಿಸರನ್ನ ಕೇಳಿ ಬಂದು, ಅದಕ್ಕಿಂತ ಹತ್ತು ದಿನ ಮುಂಚೆ ಒಳ್ಳೇ ನಕ್ಷತ್ರ ಇದೆ, ಅವತ್ತೇ ಮಾಡಿಸಿ ಅಂತಿದ್ದಾರೆ. ಬಾಣಂತನ ಅಮ್ಮನ ಮನೇಲಿ. ಅಮ್ಮನಿಗೆ ನಮ್ಮಜ್ಜಿ ಮಾಡಿದ ಬಾಣಂತನವೇ ಗೊತ್ತು: ನೀರು ಜಾಸ್ತಿ ಕುಡಿಯೋ ಹಾಗಿಲ್ಲ, ಹಂಡೆ ನೀರು ಎರೀಬೇಕು, ಹೊಟ್ಟೆ ಬಿಗಿಯಾಗಿ ಕಟ್ಟಬೇಕು. ಕೊಯ್ದ ಹೊಟ್ಟೆಗೆ ಇದೆಲ್ಲ ನಡೆಯುತ್ತಾ? ಬೆನ್ನಿಗೆ ಹಾಕೋ ಇಂಜೆಕ್ಷನ್‌ನಿಂದ ಜೀವನಪೂರ್ತಿ ಬೆನ್ನುನೋವು ಅಂತ ಪಕ್ಕದ ಮನೆಯವರು ಹೇಳಿದ ಮೇಲೆ ನಿದ್ದೆ ಬರ್ತಿಲ್ಲ.

ಭದ್ರಾವತಿ_ಅಕ್ಕ:

ತಂಗಿ, ನನ್ನ ಎರಡು ಮಕ್ಕಳೂ ಸಿಸೇರಿಯನ್. ಮೊದಲನೇದು ಹಗಲೆಲ್ಲ ನೋವು ತಿಂದು ರಾತ್ರಿ ದಿಢೀರ್ ಅಂತ ಮಾಡಿದ್ದು, ಎರಡನೇದು ದಿನ ಗೊತ್ತು ಮಾಡಿಕೊಂಡು. ಎರಡನೇ ಸಲ ಬೇಗ ಎದ್ದು ಓಡಾಡಿದೆ. ಹೆರಿಗೆ ನೋವಿನ ಸುಸ್ತು ಇರಲಿಲ್ಲ ಅನ್ನೋದು ಒಂದು, ಮನೆಯವರ ಜೊತೆ ಮುಂಚೆಯೇ ಕೂತು ಮಾತಾಡಿದ್ದೆ ಅನ್ನೋದು ಇನ್ನೊಂದು. ಆ ಮಾತು ನೀವೂ ಈಗಲೇ ಆಡಿಬಿಡಿ.

ಮೊದಲು ದಿನದ ವಿಷಯ. 39 ವಾರಕ್ಕೆ ಕಾಯೋದು ಮಗುವಿನ ಶ್ವಾಸಕೋಶಕ್ಕಾಗಿ. ನೋವು ಬರದೆ, ಅದಕ್ಕೂ ಮುಂಚೆ ತೆಗೆದ ಮಕ್ಕಳಿಗೆ ಶ್ವಾಸಕೋಶದೊಳಗಿನ ನೀರು ಪೂರ್ತಿ ಹೀರಿಕೊಂಡಿರಲ್ಲ, ಏದುಸಿರು ಬರೋ ಸಾಧ್ಯತೆ ಜಾಸ್ತಿ. ಕೆಲವು ಮಕ್ಕಳನ್ನ ಎನ್‌ಐಸಿಯುನಲ್ಲಿ, ಅಂದ್ರೆ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿ, ಇಡಬೇಕಾಗುತ್ತೆ. ಅತ್ತೆಯವರನ್ನ ಮುಂದಿನ ಸಲ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ, ಇದನ್ನ ಅವರ ಬಾಯಲ್ಲೇ ಕೇಳಲಿ. 39 ತುಂಬಿದ ಮೇಲೆ ಯಾವ ಯಾವ ದಿನ ಆಗುತ್ತೆ ಅಂತ ಡಾಕ್ಟರನ್ನ ಕೇಳಿ, ಅದರೊಳಗೆ ನಕ್ಷತ್ರ ನೋಡಲಿ, ರಾಹುಕಾಲ ಬಿಡಲಿ. ನಮ್ಮತ್ತೆ ಹಾಗೇ ಒಪ್ಪಿದರು. ಮಧ್ಯೆ ನೀರು ಒಡೆದರೆ ಅಥವಾ ನೋವು ಶುರುವಾದರೆ ಮಾತ್ರ ಯಾವ ದಿನಕ್ಕೂ ಕಾಯಬೇಡಿ. ಮಗು ಕೆಳಮುಖ ಇಲ್ಲದಾಗ ಹೊಕ್ಕುಳಬಳ್ಳಿ ಮೊದಲು ಜಾರೋ ಭಯ ಇರುತ್ತೆ, ತಕ್ಷಣ ಹೊರಡಿ.

ಇಂಜೆಕ್ಷನ್‌ಗೆ ಹೆದರಬೇಡಿ. ಬೆನ್ನು ಬಗ್ಗಿಸಿ ಕೂರಿಸ್ತಾರೆ, ಚುಚ್ಚುತ್ತೆ, ಸ್ವಲ್ಪ ಹೊತ್ತಲ್ಲಿ ಕಾಲು ಬೆಚ್ಚಗಾಗಿ ಭಾರ ಆಗುತ್ತೆ. ಹೊಟ್ಟೆ ಎಳೆದಾಡೋದು ತಿಳಿಯುತ್ತೆ, ಕೊಯ್ಯೋ ನೋವು ತಿಳಿಯಲ್ಲ. ಮಧ್ಯೆ ನಡುಕ, ವಾಕರಿಕೆ ಬಂದರೆ ತಲೆ ಹತ್ತಿರ ನಿಂತಿರೋ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಆಮೇಲೆ ವರ್ಷಗಟ್ಟಲೆ ಬರೋ ಬೆನ್ನುನೋವಿಗೆ ಆ ಸೂಜಿ ಕಾರಣ ಅಲ್ಲ. ಬಸುರಲ್ಲಿ ಸಡಿಲವಾದ ಕೀಲು, ಬಗ್ಗಿ ಬಗ್ಗಿ ಹಾಲು ಕುಡಿಸೋದು, ಇವೇ ಕಾರಣ. ಹಾಲುಣಿಸುವಾಗ ಬೆನ್ನಿಗೆ ದಿಂಬು ಕೊಟ್ಟು, ಮಗುವನ್ನ ಎದೆಗೆ ತಂದುಕೊಳ್ಳಿ. ಹೊಲಿಗೆ ಮೇಲೆ ಭಾರ ಬೀಳಬಾರದು ಅಂದ್ರೆ, ಸೊಂಟದ ಮೇಲೆ ಬಿಂದಿಗೆ ಹಿಡಿದ ಹಾಗೆ ಮಗುವನ್ನ ಪಕ್ಕಕ್ಕೆ ಹಿಡ್ಕೊಳ್ಳಿ.

ಸಣ್ಣ ಪುಟ್ಟ ವಿಷಯ: ತಾಳಿ, ಬಳೆ, ಕಾಲುಂಗುರ ಎಲ್ಲ ಬಿಚ್ಚಿಸ್ತಾರೆ. ಅಮ್ಮನಿಗೆ ಸಂಕಟ ಆಗುತ್ತೆ ಅಂತ ನಾನು ಆಸ್ಪತ್ರೆಯವರನ್ನ ಕೇಳಿ ಅರಿಶಿನ ದಾರ ಕಟ್ಟಿಕೊಂಡು ಹೋಗಿದ್ದೆ. ಉಗುರು ಬಣ್ಣ ತೆಗೆದಿರಿ. ಕೆಳಗಿನ ಕೂದಲನ್ನ ಮನೇಲಿ ಬ್ಲೇಡ್‌ನಿಂದ ತೆಗೀಬೇಡಿ, ಗೀರಾದರೆ ನಂಜಾಗುತ್ತೆ. ಲಂಗದ ಲಾಡಿ ಹೊಲಿಗೆಗೆ ಒತ್ತಬಹುದು, ಆದ್ದರಿಂದ ಮುಂದೆ ಬಟನ್ ಇರೋ ನೈಟಿ ಮಾತ್ರ ಇಟ್ಕೊಳ್ಳಿ.

ಮೊದಲ ಸಲ ಏಳೋದೇ ಕಷ್ಟ. ನೆಟ್ಟಗೆ ಏಳೋಕೆ ಹೋಗಬೇಡಿ. ಮಗ್ಗುಲಾಗಿ, ಮೊಣಕೈ ಊರಿ, ಕಾಲು ಕೆಳಗೆ ಬಿಟ್ಟು ಸ್ವಲ್ಪ ಹೊತ್ತು ಕೂತು, ಸಿಸ್ಟರ್ ಹಿಡ್ಕೊಂಡ ಮೇಲೆ ನಿಲ್ಲಿ. ಕೆಮ್ಮು ಬಂದರೆ ದಿಂಬನ್ನ ಹೊಲಿಗೆಗೆ ಒತ್ತಿ ಹಿಡೀರಿ. ನೋವಿನ ಮಾತ್ರೆ ಹೇಳಿದ ಹೊತ್ತಿಗೆ ತಗೊಳ್ಳಿ. ಹಾಲಿಗೆ ತೊಂದರೆ ಅಂತ ಯಾರಾದರೂ ತಡೆದರೆ ಡಾಕ್ಟರನ್ನ ಕೇಳಿ, ಹಾಲುಣಿಸೋರಿಗೆ ಆಗೋ ಮಾತ್ರೆಯನ್ನೇ ಅವರು ಬರೆಯೋದು. ನೋವು ತಡ್ಕೊಂಡು ಮಲಗಿದರೆ ನಡೆಯೋಕಾಗಲ್ಲ, ನಡೆಯದಿದ್ದರೆ ಗ್ಯಾಸ್ ಹೋಗಲ್ಲ, ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯವೂ ಇದೆ.

ಇನ್ನು ಅಮ್ಮನ ಬಾಣಂತನ. ಅದನ್ನ ಪೂರ್ತಿ ಬೇಡ ಅನ್ನಬೇಡಿ, ಅಷ್ಟು ಪ್ರೀತಿಯಿಂದ ನಮ್ಮನ್ನ ನೋಡ್ಕೊಳ್ಳೋ ಕಾಲ ಮತ್ತೆ ಬರಲ್ಲ. ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಅಂಟಿನುಂಡೆ ಸಂತೋಷವಾಗಿ ತಿನ್ನಿ. ನೀರು ಮಾತ್ರ ಬಿಡಲೇಬೇಡಿ. ಹಾಲಿಗೂ ಬೇಕು, ಮಲಬದ್ಧತೆಗೂ ಬೇಕು. ಕಬ್ಬಿಣದ ಮಾತ್ರೆ ತಗೊಳ್ತಾ ನೀರು ಕುಡಿಯದಿದ್ದರೆ ಮುಕ್ಕರಿದಾಗ ಹೊಲಿಗೆ ಜಗ್ಗುತ್ತೆ. ನಮ್ಮಮ್ಮ ಜೀರಿಗೆ ಹಾಕಿ ಕುದಿಸಿದ ನೀರನ್ನ ಫ್ಲಾಸ್ಕಲ್ಲಿ ಇಡ್ತಿದ್ದರು, ಅವರಿಗೂ ಸಮಾಧಾನ, ನನಗೂ ನೀರು. ನಂಜು ಅಂತ ತರಕಾರಿ, ಬೇಳೆ ಎಲ್ಲ ನಿಲ್ಲಿಸಬೇಡಿ, ಗಾಯ ಕೂಡೋಕೆ ಅವು ಬೇಕು. ಕೈಕಾಲು, ಬೆನ್ನಿಗೆ ಎಣ್ಣೆ ಹಚ್ಚಿಸ್ಕೊಳ್ಳಿ, ಹೊಲಿಗೆ ಹತ್ತಿರ ಬೇಡ. ಚೊಂಬಿಂದ ಸುಡುನೀರನ್ನ ಹೊಟ್ಟೆಗೆ ಬೀಸಿ ಹೊಡೆಯೋದಂತೂ ಬೇಡವೇ ಬೇಡ. ಸ್ಟೂಲ್ ಮೇಲೆ ಕೂತು ಹದವಾದ ನೀರಲ್ಲಿ ಸ್ನಾನ ಮಾಡಿ, ಮೆತ್ತನೆ ಬಟ್ಟೇಲಿ ಗಾಯವನ್ನ ಉಜ್ಜದೆ, ಮೆಲ್ಲಗೆ ಒತ್ತಿ ಒಣಗಿಸಿ. ಹೊಟ್ಟೆ ಕಟ್ಟೋದು ಡಾಕ್ಟರು ಹೂಂ ಅಂದ ಮೇಲೆ, ಉಸಿರಾಡೋಕೆ ಆಗೋ ಅಷ್ಟೇ ಬಿಗಿ.

ವಾರ್ಡ್_ಸಿಸ್ಟರ್_ಧಾರವಾಡ:

ಅಕ್ಕಾರು ಛಲೋ ಹೇಳ್ಯಾರ. ನಾ ಬಾಣಂತ್ಯಾರ ವಾರ್ಡಿನ್ಯಾಗ ಕೆಲಸ ಮಾಡಾಕಿ, ಒಂದೆರಡು ಮಾತು ಕೂಡಸ್ತೀನಿ. ಹೊರಗಿನಿಂದ ಹೊಟ್ಟಿ ಮ್ಯಾಲೆ ಕೈ ಇಟ್ಟು ಕೂಸಿನ್ನ ತಿರುಗ್ಸಾಕ ಬರ್ತದೇನು ಅಂತ ಡಾಕ್ಟರ್‌ನ ಕೇಳ್ರಿ, ಎಲ್ಲಾರಿಗೂ ಆಗಂಗಿಲ್ಲ. ಆಪರೇಷನ್ ದಿನ ಮತ್ತೊಮ್ಮೆ ಸ್ಕ್ಯಾನ್ ಮಾಡ್ಸ್ರಿ, ಕೂಸು ತಾನ ತಿರುಗಿರಬಹುದು. ಕೂಸಿಗೆ ಜೇನುತುಪ್ಪ, ಸಕ್ಕರಿ ನೀರು, ಬಜಿ ಯಾವುದೂ ನೆಕ್ಕಸಬ್ಯಾಡ್ರಿ. ಮೊದಲ ಹಳದಿ ಹಾಲು ಸ್ವಲ್ಪ ಬಂದ್ರೂ ಸಾಕು. ಕ್ವಾಣಿ ಬಾಗಲಾ ಹಾಕಿ ಕೆಂಡದ ಹೊಗಿ ಹಾಕಬ್ಯಾಡ್ರಿ, ತಾಯಿಗೂ ಕೂಸಿಗೂ ಉಸಿರು ಕಟ್ಟತದ.

ಮನಿಗೆ ಹೋದಮ್ಯಾಲೆ ಜ್ವರ 100.4 ದಾಟಿದ್ರ, ಹೊಲಿಗಿ ಕೆಂಪಾಗಿ ಕೀವು ಬಂದ್ರ, ತಾಸಿಗೊಂದು ಪ್ಯಾಡ್ ತೋಯ್ದ್ರ, ಒಂದ ಮೀನಖಂಡ ಬಾತು ನೋವಾದ್ರ, ಉಸಿರಾಡಾಕ ತ್ರಾಸಾದ್ರ ನಾಳೆ ನೋಡೂಣು ಅನ್ನಬ್ಯಾಡ್ರಿ, ಅವತ್ತ ಬರ್ರಿ. ಕೂತ್ರ ತಲಿ ಸಿಡದು, ಮಲಗಿದ್ರ ಕಡಿಮಿ ಆಗ್ತಿದ್ರ ಅದನ್ನೂ ಹೇಳ್ರಿ. ಅದು ಇಂಜೆಕ್ಷನ್ನಿಂದ ಒಮ್ಮೊಮ್ಮೆ ಬರೂ ತಲಿನೋವು, ಅದಕ್ಕ ಉಪಚಾರ ಅದ.

ಚೊಚ್ಚಲು_ತುಮಕೂರು:

ತುಂಬಾ ಧನ್ಯವಾದ ಅಕ್ಕ, ಸಿಸ್ಟರ್. ಇವತ್ತು ಅತ್ತೆಯನ್ನ ಕರ್ಕೊಂಡೇ ಹೋಗಿದ್ದೆ. ಸೋಮವಾರ ಬೇಡ ಅಂದ್ರೆ ಬುಧವಾರನೂ ಆಗುತ್ತೆ ಅಂದರು ಡಾಕ್ಟರು. ಬುಧವಾರದ ನಕ್ಷತ್ರ ಅತ್ತೆಗೆ ಒಪ್ಪಿಗೆ ಆಯ್ತು. ಇನ್ನೊಂದೇ ಪ್ರಶ್ನೆ: ಅಮ್ಮನ ಮನೆ ಮೊದಲನೇ ಮಹಡಿ, ಇರೋದು ಇಂಡಿಯನ್ ಟಾಯ್ಲೆಟ್. ಏನು ಮಾಡಲಿ?

ಭದ್ರಾವತಿ_ಅಕ್ಕ:

ಬುಧವಾರ ಅಂತ ಕೇಳಿ ಮನಸ್ಸು ಹಗುರ ಆಯ್ತು. ಮೆಟ್ಟಿಲನ್ನ ಕಂಬಿ ಹಿಡಿದು ನಿಧಾನಕ್ಕೆ ಹತ್ತಬಹುದು, ಮಗು ಬೇರೆಯವರ ಕೈಲಿರಲಿ. ಒಂದು ಸಲ ಮೇಲೆ ಹೋದರೆ ಸುಮ್ಮನೆ ಇಳಿದು ಹತ್ತಬೇಡಿ. ಕುಕ್ಕರುಗಾಲಲ್ಲಿ ಕೂತು ಏಳೋದು ಮೊದಮೊದಲು ಬಹಳ ನೋವು. ಮೆಡಿಕಲ್ ಸಾಮಾನಿನ ಅಂಗಡೀಲಿ ಟಾಯ್ಲೆಟ್ ಮೇಲೆ ಇಡೋ ಕಮೋಡ್ ಕುರ್ಚಿ ಸಿಗುತ್ತೆ, ಕೆಲವು ಕಡೆ ಬಾಡಿಗೆಗೂ ಕೊಡ್ತಾರೆ. ಈ ವಾರವೇ ತರಿಸಿ, ಅಲ್ಲಾಡದೆ ನಿಲ್ಲುತ್ತಾ ಅಂತ ನೀವೇ ಒಂದು ಸಲ ಕೂತು ನೋಡಿ.