ಹಿಟಾಚಿ ‘ತಿರುಗುವ’ ಜಾಗವೋ, ‘ಬೀಸುವ’ ಜಾಗವೋ? ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ.

ಮಂಗಳೂರಿನ ಪಡೀಲಿನ ಸೈಟಿನ ಎಚ್ಚರಿಕೆ ಬೋರ್ಡು ಸಂಜೆ ಆರಕ್ಕೆ ಪ್ರಿಂಟಿಗೆ ಹೋಗಬೇಕು. ‘ಸ್ವಿಂಗ್ ರೇಡಿಯಸ್’ಗೆ, ಅಂದರೆ ಮಣ್ಣು ಅಗೆಯುವ ಹಿಟಾಚಿಯ ಮೈ ಸುತ್ತುವಾಗ ತಾಕಬಹುದಾದ ಜಾಗಕ್ಕೆ, ನಿನ್ನೆ ಇಲ್ಲಿ ಪದ ಕೇಳಿದ್ದೆ. ಬಂದದ್ದು ‘ಭ್ರಮಣ ತ್ರಿಜ್ಯ ವಲಯ’. ಬೇಡ. ಇದನ್ನು ಓದುವವರು ಗದಗ, ಬಾಗಲಕೋಟೆ ಕಡೆಯಿಂದ ಬಂದ ಕೂಲಿಯವರು. (ಒಡಿಶಾ, ಬಿಹಾರದವರಿಗೆ ಹಿಂದಿ ಬೋರ್ಡು ಬೇರೆ ಆಗುತ್ತಿದೆ.)

‘ಹಿಟಾಚಿ’ ಕಂಪನಿಯ ಹೆಸರು, ‘ಉತ್ಖನನ ಯಂತ್ರ’ ಅನ್ನಿ ಎಂದವರಿಗೆ: ಯಾರು ತಯಾರಿಸಿದ್ದಾದರೂ ಇಲ್ಲಿ ಚೈನಿನದು ಹಿಟಾಚಿ, ಟಯರಿನದು ಜೆಸಿಬಿ. ‘ಅಪಘಾತ’ ಎರವಲು, ಅಚ್ಚಗನ್ನಡದ ‘ಗಾಯ’ ಹಾಕಿ ಎಂದವರಿಗೆ: ಎರವಲೇ ಕೂಡದು ಎಂದರೆ ಆ ‘ಗಾಯ’ವನ್ನೂ ಅಳಿಸಬೇಕು. ಸಂಸ್ಕೃತದ ‘ಘಾತ’ ಪ್ರಾಕೃತದಲ್ಲಿ ಸವೆದು ‘ಗಾಯ’ವಾಯಿತು. ನಿಮಗೆ ಬೇಡವಾದ ‘ಅಪಘಾತ’ದೊಳಗಿರುವುದೂ ಅದೇ. ಈ ಜಗಳ ಇನ್ನೊಂದು ದಿನ ಮಾಡುವ ಮಾರಾಯ್ರೆ.

ನನ್ನ ತೊಡಕು ಕ್ರಿಯಾಪದದ್ದು. ‘ತಿರುಗುವ ಜಾಗ’ ಎಂದರೆ ಓಡಾಡುವ ಜಾಗ ಎಂದೇ ಅನಿಸುತ್ತದೆ. ಚೈನು ನಿಂತಿದ್ದರೆ ಹೆದರಿಕೆಯಿಲ್ಲ ಎಂದುಕೊಳ್ಳುತ್ತಾರೆ. ಕಳೆದ ತಿಂಗಳು ಆದದ್ದೂ ಅದೇ. ಗುಡ್ಡ ಕಡಿದ ಮುರಕಲ್ಲಿನ ಗೋಡೆಗೂ ಹಿಟಾಚಿಯ ಹಿಂಭಾಗಕ್ಕೂ ಒಂದೂವರೆ ಅಡಿ ಸಂದು. ನೆರಳಿಗೆಂದು ಇಟ್ಟಿದ್ದ ನೀರಿನ ಬಾಟಲಿ ತೆಗೆಯಲು ಹುಡುಗನೊಬ್ಬ ಅದರೊಳಗೆ ನುಗ್ಗಿದ. ಆಪರೇಟರನ ಕಣ್ಣು ಮುಂದಿನ ಬಕೆಟಿನ ಮೇಲೆ. ಬಕೆಟ್ ಎಡಕ್ಕೆ ಹೋದರೆ ಹಿಂಭಾಗ ಬಲಕ್ಕೆ ಬರುತ್ತದೆ. 20 ಟನ್ನಿನ ಯಂತ್ರದಲ್ಲಿ ತೂಕ ಸರಿದೂಗಿಸಲು ಅಲ್ಲಿ ಕೂರಿಸಿದ ಗಟ್ಟಿಯೇ ಹಲವು ಟನ್. ಹುಡುಗನ ಭುಜದ ಮೂಳೆ ಮುರಿಯಿತು. ಚೈನು ಒಂದಿಂಚೂ ಕದಲಿರಲಿಲ್ಲ.

ಕಾಲು ನಿಂತಲ್ಲೇ ಇದ್ದು ಮೈ ಮಾತ್ರ ಸುತ್ತಿ ಬರುವುದಕ್ಕೆ ಪದ ಬೇಕು. ನನಗೆ ಹೊಳೆದದ್ದು ‘ಬೀಸು’. ನಮ್ಮ ಕರಾವಳಿಯಲ್ಲಿ ಬೀಸುಬಲೆ ಇದೆ, ಕತ್ತಿ ಬೀಸುವುದಿದೆ. ಘಟ್ಟದ ಮೇಲಿನವರಿಗೆ ಬೀಸುಕಲ್ಲು ಗೊತ್ತು: ಕೆಳಗಿನ ಕಲ್ಲು ಕೂತಲ್ಲೇ ಕೂತಿರುತ್ತದೆ, ಗೂಟದ ಸುತ್ತ ಮೇಲಿನದು ಮಾತ್ರ ಸುತ್ತುತ್ತದೆ. ಹಿಟಾಚಿಯ ಕಟ್ಟೋಣವೂ ಥೇಟ್ ಹಾಗೆಯೇ.

ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಹಿಟಾಚಿ ನಿಂತಿದ್ದರೂ ಹಿಂಭಾಗ ಬೀಸಿ ಬರುತ್ತದೆ. ಹಿಂದೆ ಹೋಗಬೇಡಿ.’

ಗದಗ, ಬಾಗಲಕೋಟೆಯವರು ದಯವಿಟ್ಟು ಹೇಳಿ. ‘ಬೀಸಿ ಬರ್ತದ’ ಅಂದರೆ ನಿಮ್ಮ ಕಿವಿಗೆ ಹೊಡೆತ ಕೇಳುತ್ತದೋ, ಗಾಳಿ ಕೇಳುತ್ತದೋ? ಗಾಳಿಯಾದರೆ ‘ಹೊರಳಿ ಬರುತ್ತದೆ’ ಎಂದು ಬದಲಿಸುತ್ತೇನೆ.